ಕೆಡದೆಯೇ ಕೆಟ್ಟ ಮೋಟಾರು

ನಾನು ಅರ್ಧ ಅಶ್ವಶಕ್ತಿಯ ಒಂದು ನೀರಿನ ಮೋಟಾರು. ಅರ್ಧ ಎಂದು ಮೂಗು ಮುರಿಯಬೇಡಿ. ಆ ಅರ್ಧದಲ್ಲೇ ಹದಿನಾಲ್ಕು ವರ್ಷ ಒಂದು ಇಡೀ ವಠಾರಕ್ಕೆ ನೀರು ಹತ್ತಿಸಿದ್ದೇನೆ. ಗಂಟಲು ಸ್ವಲ್ಪ ಜೋರು, ಒಪ್ಪುತ್ತೇನೆ. ಕೆಲಸ ಮಾಡುವವರಿಗೆ ಅಷ್ಟು ಸದ್ದು ಇರಬೇಕು.

ಹುಟ್ಟಿದ್ದು ಮೈಸೂರಿನ ಮೇಟಗಳ್ಳಿ ಕಡೆಯ ಒಂದು ಪಂಪು ಕಾರ್ಖಾನೆಯಲ್ಲಿ. ಕಬ್ಬಿಣದ ಮೈ ಅಚ್ಚಿನಿಂದ ಬಂತು. ಆದರೆ ಹೊಟ್ಟೆಗೆ ತಾಮ್ರದ ತಂತಿ ಬಿದ್ದ ಗಳಿಗೆಯನ್ನೇ ನನ್ನ ಜನ್ಮ ಎನ್ನುತ್ತೇನೆ. ಆ ತಂತಿ ಸುತ್ತುವುದು ಹೆಂಗಸರ ಕೆಲಸ. ಕೂದಲೆಳೆಯಷ್ಟು ತೆಳು ತಂತಿಯನ್ನು ಎಣಿಸಿ ಎಣಿಸಿ ಸುತ್ತಿ, ಸಂದಿನಲ್ಲಿ ಕೂರಿಸಿ, ವಾರ್ನಿಷ್ ಹಾಕುತ್ತಾರೆ. ಒಂದು ಸುತ್ತು ತಪ್ಪಿದರೂ ನಮ್ಮ ಆಯುಷ್ಯ ಮುಗಿದಂತೆ. ನನ್ನನ್ನು ಸುತ್ತಿದವರು ಯಾರೋ ತಿಳಿಯದು, ಅದು ಕಣ್ಣು ಬಿಡುವ ಮೊದಲಿನ ಮಾತು. ಬಣ್ಣದ ಮೇಲೆ ಒಂದು ಗೀರು ಬಿದ್ದಿತ್ತೆಂದು ನನ್ನನ್ನು ಕಮ್ಮಿ ಬೆಲೆಗೆ ಮಾರಿದರು. ಒಳಗೆಲ್ಲ ಗಟ್ಟಿಯಿದ್ದೆ, ಕೇಳುವವರು ಯಾರು?

ಕೊಂಡವರು ಅಂಚೆ ಕಚೇರಿಯ ಬಸವರಾಜಪ್ಪ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವರು ಸಾಲು ಮನೆ ಕಟ್ಟಿಸುತ್ತಿದ್ದರು. ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ನನಗೊಂದು ಜಾಗ ಕೊಟ್ಟರು. ಮೂರು ವರ್ಷಕ್ಕೆ ಅವರು ತೀರಿಕೊಂಡರು. ಆಮೇಲೆ ನನ್ನ ಯಜಮಾನಿ ಅವರ ಹೆಂಡತಿ ದಾಕ್ಷಾಯಿಣಮ್ಮ. ಆಕೆ ಧೈರ್ಯಸ್ಥೆ, ಸಾಲ ತಂದು ಮೇಲೊಂದು ಮಹಡಿಯನ್ನೂ ಎಬ್ಬಿಸಿದರು. ಬಾಡಿಗೆಗೆ ಬಂದವರೆಲ್ಲ ಆ ಪಂಪು ಕಾರ್ಖಾನೆಯ ಹೆಂಗಸರು ಮತ್ತು ಅವರ ಸಂಸಾರಗಳು. ಯಜಮಾನಿ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ‘ಮೊದಲನೇ ಮನೆ’, ‘ಮೂರನೇ ಮನೆ’, ‘ಮಹಡಿ ಮನೆ’, ಅಷ್ಟೇ. ತಿಂಗಳ ಐದನೇ ತಾರೀಖು ಬಾಡಿಗೆ ಬರುತ್ತಿತ್ತು, ನಾನು ನೀರು ಹತ್ತಿಸುತ್ತಿದ್ದೆ.

ಆಮೇಲೆ ಆ ಕಾಯಿಲೆ ಬಂತು. ಊರಿಗೆ ಊರೇ ಬಾಗಿಲು ಹಾಕಿತು. ಕಾರ್ಖಾನೆ ಮೊದಲು ಮುಚ್ಚಿತು, ಆಮೇಲೆ ಗುತ್ತಿಗೆ ಕೆಲಸದವರು ಇನ್ನು ಬರಬೇಕಿಲ್ಲ ಎಂದು ಗೇಟಿಗೆ ಚೀಟಿ ಅಂಟಿಸಿತು. ಒಂದೇ ದಿನದಲ್ಲಿ ವಠಾರದ ನಾಲ್ಕೂ ಮನೆಯ ಕೆಲಸ ಹೋಯಿತು. ಬಾಡಿಗೆಗಾಗಿ ಯಾರನ್ನೂ ಪೀಡಿಸಬಾರದು, ಮನೆ ಬಿಡಿಸಬಾರದು ಎಂದು ಸರ್ಕಾರದ ಆದೇಶವೂ ಬಂತು. ಬಾಡಿಗೆದಾರರ ಉಸಿರು ಉಳಿಯಿತು. ಆದರೆ ಮಹಡಿಗೆ ಸಾಲ ಕೊಟ್ಟವರು ಯಜಮಾನಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ಕಟ್ಟದಿದ್ದರೆ ವಠಾರವೇ ಕೈತಪ್ಪಿ ಹೋಗುತ್ತದೆ ಎಂದು ಹೆದರಿಸಿದರು. ಅತ್ತ ದರಿ, ಇತ್ತ ಪುಲಿ. ಆಕೆ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕೆಳಗಿದ್ದ ನಾನು ನೋಡಿದ್ದೇನೆ. ನನಗೆ ಸಂಕಟವಾಯಿತು.

ಆಗ ಬಂದವರು ಲೋಕನಾಥ್. ಹಳೇ ವಠಾರಗಳನ್ನು ಕೊಂಡು, ಕೆಡವಿ, ಲಾಡ್ಜು ಕಟ್ಟುವವರು.

“ಖಾಲಿ ಮಾಡಿಸಿಕೊಡಿ ಮೇಡಂ, ಅವತ್ತೇ ಅಗ್ರಿಮೆಂಟ್ ಬರೆಯೋಣ” ಎಂದರು.

“ಮನೆ ಬಿಡಿಸಬಾರದು ಅಂತ ಆದೇಶ ಇದೆಯಲ್ಲ ಸ್ವಾಮಿ.”

“ನೀವ್ಯಾಕೆ ಬಿಡಿಸ್ತೀರಾ? ಮೋಟಾರ್ ಸುಟ್ಟೋಗಿದೆ ಅನ್ನಿ. ನೀರಿಲ್ಲದ ಮನೇಲಿ ಎಷ್ಟು ದಿನ ಇರ್ತಾರೆ? ಅವರಾಗೇ ಗಂಟು ಕಟ್ಟುತಾರೆ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕೋಲು ನಾನೇ ಆಗಿದ್ದೆ.

ಮರುದಿನ ಬೆಳಿಗ್ಗೆ ಯಜಮಾನಿ ನನ್ನ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾಲ್ಕೂ ಬಾಗಿಲಿಗೆ ಹೋಗಿ, “ಮೋಟಾರ್ ಸುಟ್ಟೋಯ್ತು ಕಣ್ರಮ್ಮ, ರಿಪೇರಿಯವರು ಯಾರೂ ಸಿಗ್ತಿಲ್ಲ” ಎಂದರು. ನನಗೆ ಉರಿದುಹೋಯಿತು. ಸುಟ್ಟೆನಂತೆ, ನಾನು! ಇನ್ನು ಆಕೆ ಹೇಳಿದ್ದಾದರೂ ಯಾರಿಗೆ? ಹಗಲೆಲ್ಲ ಮೋಟಾರು ಸುತ್ತಿ ಸುತ್ತಿ ಬೆರಳು ಸವೆಸಿದವರಿಗೆ. ಹನ್ನೊಂದು ವರ್ಷ ಬಾಡಿಗೆ ತೆಗೆದುಕೊಂಡವರು, ಕಾರ್ಖಾನೆಯೊಳಗೆ ಏನು ಕೆಲಸ ಮಾಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೂರನೇ ಮನೆಯ ಚಿಕ್ಕತಾಯಿ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಬಂದಳು. ನಂಜನಗೂಡು ಕಡೆಯವಳು, ಮಾತು ಕಮ್ಮಿ.

“ಸುಟ್ಟಿದ್ರೆ ಸುಡ್ಲಿ ಬುಡಿ ಅಕ್ಕ, ನಾವೇ ಸುತ್ಕೊಡ್ತೀವಿ.”

ಯಜಮಾನಿಯ ಮುಖ ಬಿಳಿಚಿತು. “ನಿಂಗ್ಯಾಕಮ್ಮ ಆ ಉಸಾಬರಿ” ಎನ್ನುವಷ್ಟರಲ್ಲಿ ಚಿಕ್ಕತಾಯಿ ನನ್ನ ಮುಚ್ಚಳ ಬಿಚ್ಚಿದ್ದಳು. ಹತ್ತಿರ ಬಗ್ಗಿ ಮೂಸಿದಳು. ಸುಟ್ಟ ಮೋಟಾರಿಗೆ ಒಂದು ಕಮಟು ವಾಸನೆ ಇರುತ್ತದೆ, ನನಗಿರಲಿಲ್ಲ. ನನ್ನ ನಡುವಿನ ದಂಡವನ್ನು ಕೈಯಲ್ಲಿ ತಿರುಗಿಸಿದಳು, ಸಲೀಸಾಗಿ ತಿರುಗಿತು. ತಲೆಯೆತ್ತಿ ಗೋಡೆಯ ಮೇಲಿನ ಫ್ಯೂಸಿನ ಖಾಲಿ ಜಾಗ ನೋಡಿದಳು. ಆಮೇಲೆ ಯಜಮಾನಿಯನ್ನು ನೋಡಿದಳು.

ಉಳಿದ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ಚಿಕ್ಕತಾಯಿ ಅವರಿಗೆ, “ಫ್ಯೂಸ್ ಸುಟ್ಟದೆ ಕಣ್ರವ್ವ, ಇನ್ನೇನಿಲ್ಲ. ಅಕ್ಕನಿಗೆ ಗೊತ್ತಾಗಿಲ್ಲ” ಎಂದಳು.

ಯಜಮಾನಿ ಸೊಂಟದಿಂದ ಫ್ಯೂಸ್ ತೆಗೆದು ಎಲ್ಲರೆದುರು ಮುಂದೆ ಹಿಡಿದರು. “ಸುಟ್ಟಿಲ್ಲ. ನಾನೇ ಕಿತ್ತಿದ್ದು. ನೀವು ಹೋಗ್ಲಿ ಅಂತ.” ಸಾಲ, ಫೋನು, ಲೋಕನಾಥರ ಮಾತು, ಎಲ್ಲವನ್ನೂ ನಿಂತಲ್ಲೇ ಹೇಳಿ ಅತ್ತುಬಿಟ್ಟರು.

“ನಮ್ ಮಕ್ಕಳಿಗೂ ಬಾಯಾರ್ತದೆ ಅಕ್ಕ” ಎಂದಳು ಚಿಕ್ಕತಾಯಿ. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಫ್ಯೂಸ್ ಇಸಿದುಕೊಂಡು ಹಾಕಿದಳು. ಅವತ್ತು ನಾನು ಓಡಿದ ಓಟ ಎಂದೂ ಓಡಿರಲಿಲ್ಲ.

ಟ್ಯಾಂಕು ತುಂಬುವಷ್ಟು ಹೊತ್ತು ಯಜಮಾನಿ ಅಲ್ಲೇ ನಿಂತಿದ್ದರು. ಕೊನೆಗೆ ಕೇಳಿದರು, “ದೊಡ್ಡ ಪಂಪೂ ಸುತ್ತಕ್ಕೆ ಬರುತ್ತಾ ನಿಮಗೆ?”

“ಕಣ್ ಮುಚ್ಕಂಡು ಸುತ್ತೀವಿ.”

ಬೇಸಿಗೆ ಸುಡುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ರೈತರ ಪಂಪುಗಳು ಸುಟ್ಟು ಕೂತಿದ್ದವು, ಅವಕ್ಕೆ ತಂತಿ ಕಟ್ಟುವ ಅಂಗಡಿಗಳ ಕೆಲಸದವರು ಊರು ಬಿಟ್ಟಿದ್ದರು. ವಠಾರದ ಮುಂದೆ ರಸ್ತೆಗೆ ಮುಖ ಮಾಡಿದ್ದ ಒಂದು ಅಂಗಡಿ ಖಾಲಿ ಬಿದ್ದಿತ್ತು. ಯಜಮಾನಿ ಅದರ ಶಟರ್ ಎತ್ತಿದರು, ಪಂಪು ರಿಪೇರಿಗೆಂದು ಓಡಾಡಿ ಅನುಮತಿ ತಂದರು, ಹೆಂಗಸರು ಅಲ್ಲಿ ತಂತಿ ಸುತ್ತಲು ಕೂತರು. ಮೊದಲ ಪಂಪು ಇಲವಾಲದ ಕಡೆಯಿಂದ ಬಂತು. ಒಣಗುತ್ತಿದ್ದ ಟೊಮೆಟೊ ತೋಟದ್ದು. ಮರುದಿನ ಸಂಜೆಗೆ ಅದು ನೀರು ಎತ್ತಿತು. ಆ ರೈತ ಇನ್ನಿಬ್ಬರನ್ನು ಕಳಿಸಿದ, ಅವರು ಹತ್ತು ಜನರನ್ನು ಕಳಿಸಿದರು. ಜೂನು ಕಳೆಯುವಷ್ಟರಲ್ಲಿ ಬಾಡಿಗೆ ಒಂದೊಂದಾಗಿ ಬರತೊಡಗಿತು, ಸಾಲದವರ ಫೋನು ನಿಂತಿತು.

ಆ ವರ್ಷದ ಕೊನೆಗೆ ನಾನು ನಿಜಕ್ಕೂ ಸುಟ್ಟೆ. ವಯಸ್ಸಾಗಿತ್ತು, ನಾಚಿಕೆಯಿಲ್ಲ. “ಇದನ್ನ ನಾನೇ ಸುತ್ತುತೀನಿ” ಎಂದು ಯಜಮಾನಿ ಹಟ ಹಿಡಿದರು. ಚಿಕ್ಕತಾಯಿ ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದಳು. ಎರಡು ಸಲ ಬಿಚ್ಚಿಸಿದಳು. ಮೂರನೇ ಸಲ ಮುಗಿದ ದಿನ ಲೋಕನಾಥರ ಕಾರು ಬಂದು ನಿಂತಿತು.

“ಆದೇಶ ಮುಗೀತು ಮೇಡಂ. ಈಗ ಧೈರ್ಯವಾಗಿ ಖಾಲಿ ಮಾಡಿಸಬಹುದು.”

ಯಜಮಾನಿ ವಾರ್ನಿಷ್ ಹತ್ತಿದ ಕೈಯಲ್ಲಿ ಸ್ವಿಚ್ ಹಾಕಿದರು. ನಾನು ಗುಂಯ್ ಎಂದು ಎದ್ದೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

“ಈ ಮನೆಗಳು ಖಾಲಿ ಆಗಲ್ಲ ಸ್ವಾಮಿ. ನಿಮ್ಮ ಲಾಡ್ಜಿನ ಮೋಟಾರ್ ಏನಾದ್ರೂ ಕೆಟ್ಟರೆ ತನ್ನಿ, ಚೆನ್ನಾಗಿ ಮಾಡಿಕೊಡ್ತೀವಿ” ಎಂದರು.

ಈಗ ಸಂಪಿನ ಪಕ್ಕ ಹೊಸಬನೊಬ್ಬ ಬಂದಿದ್ದಾನೆ. ನಾನು ಅಂಗಡಿಯ ಮೇಜಿನ ಮೇಲಿದ್ದೇನೆ. ಕೆಲಸ ಕಲಿಯಲು ಬರುವ ಹೆಂಗಸರು ನನ್ನನ್ನು ಬಿಚ್ಚುತ್ತಾರೆ, ಸುತ್ತುತ್ತಾರೆ. ಹೊಟ್ಟೆ ತುಂಬ ಹೊಸ ತಾಮ್ರ, ನನಗೇನು ಕಡಿಮೆ?

ಮೊನ್ನೆ ಪಕ್ಕದ ಬೀದಿಯ ಮನೆ ಮಾಲೀಕರೊಬ್ಬರು ಬಂದಿದ್ದರು. ಅವರ ಬಾಡಿಗೆದಾರರ ಕಾರ್ಖಾನೆಯೂ ಮುಚ್ಚಿದೆಯಂತೆ. ಏನು ಮಾಡಲಿ ಎಂದು ತಲೆ ಮೇಲೆ ಕೈ ಹೊತ್ತು ಕೂತರು. ದಾಕ್ಷಾಯಿಣಮ್ಮ ತಂತಿ ಸುತ್ತುವುದನ್ನು ನಿಲ್ಲಿಸದೆ ಕೇಳಿದರು:

“ಅವರಿಗೆ ಏನು ಕೆಲಸ ಬರುತ್ತೆ?”

ಮಾಲೀಕರಿಗೆ ಗೊತ್ತಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ, ಕೇಳಿಕೊಂಡು ಬರಲು ಹೋದರು.