ಊರಿನ ನಗಾರಿ, ದೊಡ್ಡಮನೆಯ ಕೋಲು

ಯಾವ ಊರು ಅಂತ ಮಾತ್ರ ಕೇಳಬೇಡಿ, ಹೇಳಿದರೆ ಪಕ್ಕದ ಊರಿನವರು ಬೇಜಾರು ಮಾಡಿಕೊಂಡಾರು. ಆ ಊರಿಗೆ ಸುದ್ದಿ ಅಂದರೆ ಬುರುಜಿನ ಮೇಲಿನ ನಗಾರಿ. ಅದನ್ನು ಬಾರಿಸಿ ಕೂಗಿದ್ದೆಲ್ಲ ನಡೆದಂತೆ, ಕೂಗದ್ದು ನಡೆಯಲೇ ಇಲ್ಲದಂತೆ. ನಗಾರಿ ಎರಕ ಹೊಯ್ಯಲು ಮನೆಮನೆಯವರೂ ತಾಮ್ರದ ತಂಬಿಗೆ ಕೊಟ್ಟಿದ್ದರು. ಹಾಗಾಗಿ ಎಲ್ಲರೂ ಮಾಲೀಕರೇ! ಕೋಲು ಮಾತ್ರ ದೊಡ್ಡಮನೆಯವರದು.

ದೊಡ್ಡಮನೆಯವರಿಗೆ ಒಂದು ಕಲ್ಲುಗಣಿಯೂ ಇತ್ತು. ತಿಪ್ಪವ್ವನ ಒಬ್ಬನೇ ಮಗ ಹಾಲಪ್ಪ ಅಲ್ಲಿ ಕೆಲಸಕ್ಕಿದ್ದ. ಗೋಡೆ ಬಿರುಕು ಬಿಟ್ಟಿದೆ, ಯಾರೂ ಇಳಿಯಬೇಡಿ ಅಂತ ಬಾಯಿ ಬಡಿದುಕೊಂಡ. ಕೇಳಿದವರಿಲ್ಲ. ಹೊಟ್ಟೆಪಾಡು, ತಾನೂ ಇಳಿದ. ಗೋಡೆ ಅವನ ಮೇಲೆಯೇ ಕುಸಿಯಿತು. ಆಮೇಲೆ ಗಣಿಗಿಳಿಯಲು ಯಾರಿಗೂ ಧೈರ್ಯ ಬರಲಿಲ್ಲ. ನಗಾರಿ ಆ ದಿನ ದೊಡ್ಡಮನೆಯ ಮದುವೆಯ ಸುದ್ದಿ ಸಾರಿತು.

ತಿಪ್ಪವ್ವ ದಿನಾ ಬುರುಜಿನ ಕೆಳಗೆ ಕೂತು ಕಿವಿಗೊಡುವಳು. ಮಗ ತಿರುಗಿ ಬರುವುದಿಲ್ಲ, ಅದು ಅವಳಿಗೆ ಗೊತ್ತು. ಅವನ ಹೆಸರು, ಅವನಾಡಿದ ಮಾತು, ಒಂದೇ ಒಂದು ಸಲ ಆ ಎತ್ತರದಿಂದ ಕೇಳಬೇಕು. ಅಷ್ಟಕ್ಕಾಗಿ ಜೀವ ಹಿಡಿದುಕೊಂಡಿದ್ದಳು, ಪಾಪ.

ಆ ಊರಿನಲ್ಲೊಂದು ಪದ್ಧತಿ. ಕೋಲು ಹಿಡಿದವರು ತೀರಿಕೊಂಡರೆ ಕೋಲನ್ನು ಒಂದು ಹಗಲು ಕಟ್ಟೆಯ ಮೇಲಿಡಬೇಕು, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ತಲೆತಲಾಂತರದಿಂದ ಎತ್ತಿದ್ದು ದೊಡ್ಡಮನೆಯ ಕೈಯೇ. ಉಳಿದವರು ಕೈಕಟ್ಟಿ ನಿಂತು, ಎಂಥ ನ್ಯಾಯದ ಪದ್ಧತಿ ಅಂತ ಮೆಚ್ಚಿಕೊಳ್ಳುತ್ತಿದ್ದರು.

ದೊಡ್ಡಮನೆಯ ಯಜಮಾನರು ತೀರಿಕೊಂಡರು. ಈ ಸಲ ತಿಪ್ಪವ್ವ ಮುಂದೆ ಬಂದು ಕೋಲು ಎತ್ತಿಯೇಬಿಟ್ಟಳು! ಯಜಮಾನರ ಮಗಳು ಸಿಟ್ಟಾಗಲಿಲ್ಲ.

"ಬಾರಿಸು ತಿಪ್ಪವ್ವಾ, ನಿನ್ನ ಹಕ್ಕು. ಆದರೆ ಕೈ ನಡುಗ್ತಿದೆಯಲ್ಲ. ಹಾಲಪ್ಪನ ಹೆಸರು ಊರಿಗೆಲ್ಲ ನೆಟ್ಟಗೆ ಕೇಳಿಸೋದು ಬೇಡವಾ?"

"ಕೂಗಿಸ್ತೀರಾ, ತಾಯಿ?"

"ಮೊದಲ ಸುದ್ದಿಯೇ ಅವನದು."

ತಿಪ್ಪವ್ವ ಎರಡೂ ಕೈ ಚಾಚಿ ಕೋಲು ಕೊಟ್ಟಳು. ದೊಡ್ಡವರಿಗೆ ಒಂದೇ ಕೈಲಿ ಕೊಡಬಾರದು ನೋಡಿ.

ಮಗಳು ಮಾತಿಗೆ ತಪ್ಪಲಿಲ್ಲ. ನಗಾರಿ ಗುಡುಗಿತು, ಮೇಲಿಂದ ಕೂಗು ಬಂತು: "ಗೋಡೆ ಬಿರುಕು ಬಿಟ್ಟರೂ ಹೆದರದೆ ದೊಡ್ಡಮನೆಯ ಗಣಿಗಿಳಿದ ವೀರ, ತಿಪ್ಪವ್ವನ ಮಗ ಹಾಲಪ್ಪ!" ಹೆಸರು ಕಿವಿಗೆ ಬಿದ್ದದ್ದೇ ತಡ, ತಿಪ್ಪವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಎಷ್ಟು ದಿನದ ಆಸೆ! ಉಳಿದ ಮಾತು ತಲೆಗೆ ಹತ್ತಿದ್ದು ಆಮೇಲೆ.

ಮಾರನೆಯ ಬೆಳಗ್ಗೆ ಊರಿನ ಪ್ರಾಯದವರೆಲ್ಲ ಹಾಲಪ್ಪನಿಗೆ ಜೈಕಾರ ಹಾಕುತ್ತ ಗಣಿಯ ಮುಂದೆ ಸಾಲುಗಟ್ಟಿದ್ದರು. ತಿಪ್ಪವ್ವ ಓಡಿಬಂದು ಅಡ್ಡ ನಿಂತಳು.

"ಇಳೀಬೇಡ್ರಪ್ಪಾ, ಕೈ ಮುಗೀತೀನಿ. ಉಳಿದ ಗೋಡೆಯೂ ಬಿದ್ದೀತು. ನನ್ನ ಮಗ ಹೇಳಿದ್ದೂ ಅದನ್ನೇ."

ಮುಂದಿದ್ದವನು ಅವಳ ತೋಳು ಹಿಡಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಸುಮ್ನಿರವ್ವಾ. ಹಾಲಪ್ಪ ಎಂಥವನು ಅಂತ ನಮಗೆ ಗೊತ್ತಿಲ್ವಾ?"