ಡೊರೀನ್ ಆಂಟಿಯ ಮಗನ ಫೋಟೋ

ತಪ್ಪು ನಂದೇ. ನನ್ನ ತಲೇಲಿ ಬುದ್ಧಿ ಅನ್ನೋದು ಚೂರಾದ್ರೂ ಇದ್ದಿದ್ರೆ ಆ ಮಧ್ಯಾಹ್ನ ಯಾರ ರಕ್ತಾನೂ ಬೀಳ್ತಿರಲಿಲ್ಲ.

ನಾನು ವಿರೂಪಾಕ್ಷ. ಚಳ್ಳಕೆರೆಯಿಂದ ಓದೋಕೆ ಅಂತ ಸಿಡ್ನಿಗೆ ಬಂದೋನು, ಇಲ್ಲೇ ಕಾಯಂ ಇರೋಕೆ ಪಿಆರ್ ಸಿಕ್ಕ ಮೇಲೆ ನಾಟಕಗಳಿಗೆ ಸೆಟ್ ಕಟ್ಟೋ ಬಡಗಿ ಆದೆ. ಡೊರೀನ್ ಆಂಟಿ ಮೆಲ್ಬರ್ನ್‌ನವರು. ಈ ನೆಲದ ಮೂಲ ಜನ. ತಮ್ಮನ್ನ ಬ್ಲ್ಯಾಕ್ ಅಂತಲೇ ಕರ್ಕೊಳ್ಳೋರು. ಅವರ ನಾಟಕೋತ್ಸವಕ್ಕೆ ಆರು ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೂ ರಾಜ್ಯ ಸರ್ಕಾರ ಗ್ರಾಂಟ್ ಕೊಟ್ಟಿತ್ತು. ಅದರಲ್ಲೂ ಕೊಕ್ಕೆ! ಅರ್ಧ ಈಗ, ಇನ್ನರ್ಧ ಉದ್ಘಾಟನೆ ಸುಸೂತ್ರವಾಗಿ ಮುಗಿದ ಮೇಲೆ. ನಟರ ಕಡೆಯಿಂದ ಏನಾದ್ರೂ ಗಲಾಟೆ ಆದ್ರೆ ಉತ್ಸವಾನೇ ಬಂದ್. ಸೆಟ್ ಕಟ್ಟೋಕೆ ನನ್ನನ್ನ ಸಿಡ್ನಿಯಿಂದ ಕರೆಸಿದ್ರು.

ಮೊದಲ ನಾಟಕ ಆಂಟಿಯ ಮಗನ ಕಥೆ. ಹತ್ತೊಂಬತ್ತಕ್ಕೇ ಜೈಲಿನ ಸೆಲ್‌ನಲ್ಲಿ ಸತ್ತುಹೋದ ಮಗ.

ನಮ್ಮ ಕಡೆ ಹೇಗೆ ಹೇಳಿ? ತೀರ್ಕೊಂಡೋರ ನೆನಪಿನ ಕಾರ್ಯಕ್ರಮ ಅಂದ್ರೆ ಫೋಟೋ ಬೇಕು, ಹಾರ ಬೇಕು, ದೀಪ ಬೇಕು. ಉದ್ಘಾಟನೆಗೆ ಮುಂಚೆ ಎರಡು ದಿನ ಮನೆಗೆ ಬಂದಾಗ, ಹಳೇ ಪೇಪರ್‌ನಲ್ಲಿದ್ದ ಅವನ ಮುಖಾನ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದೆ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಮ್ಮೋರ ಅಂಗಡೀಲಿ ಹಾರ ತಗೊಂಡೆ. "ಅವರನ್ನ ಒಂದು ಮಾತು ಕೇಳಿದ್ರಾ?" ಅಂದ್ಲು ಹೆಂಡ್ತಿ ಅರುಂಧತಿ. "ಸರ್ಪ್ರೈಸ್ ಕಣೇ, ಸುಮ್ನಿರು" ಅಂತ ರೇಗಿ, ಮನೆಯ ಹಿತ್ತಾಳೆ ದೀಪದ ಕಂಬಾನೂ ಕಾರಿಗೆ ಹಾಕ್ಕೊಂಡು ಮೆಲ್ಬರ್ನ್‌ಗೆ ಹೊರಟೆ.

ಮೆಲ್ಬರ್ನ್ ಅಂಚಿನ ಡ್ಯಾಂಡಿನಾಂಗ್‌ನ ಹಾಲ್ ತುಂಬಿತ್ತು. ಪರದೆ ಸರಿದು ಫೋಟೋ ಕಂಡ ತಕ್ಷಣ ಜನ ಹಾ ಅಂದ್ರು. ಖುಷಿಗೆ ಅಂದ್ಕೊಂಡೆ, ದಡ್ಡ ಶಿಖಾಮಣಿ! ಉದ್ಘಾಟನೆಗೆ ಬಂದಿದ್ದ ಮಂತ್ರಿ ಕೈಗೆ ಹಾರ ಕೊಟ್ಟೆ. ಆತ ಅದನ್ನ ಫೋಟೋಗೆ ಹಾಕಿ, ಮೈಕ್‌ನಲ್ಲಿ ಸತ್ತವನ ಹೆಸರನ್ನ ಮೂರು ಸಲ ಹೇಳಿದ.

ಆಂಟಿಯ ಜನರಲ್ಲಿ ಸತ್ತವರ ಹೆಸರು ಎತ್ತಲ್ಲ, ಮುಖ ತೋರಿಸಲ್ಲ. ಸೆಟ್ ಕಟ್ತಾ ಆರು ವಾರ ರಿಹರ್ಸಲ್ ನೋಡಿದ್ದೆ. ನಾಟಕದಲ್ಲಿ ಒಂದ್ಸಲಾನೂ ಆ ಹೆಸರು ಬರಲ್ಲ. ಯಾಕೆ ಅಂತ ನಾನು ಒಬ್ಬರನ್ನೂ ಕೇಳಲಿಲ್ಲ.

ಆಂಟಿ ಮುಖ ಮುಚ್ಕೊಂಡು ಕಿರುಚಿದ್ರು. ನಾಟಕದ ಮುಖ್ಯ ನಟ, ಅವರ ತಮ್ಮ ಕ್ಲೈಡ್, ಓಡಿಬಂದು ಫೋಟೋ ಕಿತ್ತು ಫ್ರೇಮ್ ಸಮೇತ ನನ್ನ ಮುಖಕ್ಕೆ ಬಡಿದ. ಗಾಜು ಕೆನ್ನೆ ಸೀಳ್ತು. ಎರಡು ಹಲ್ಲು ಬಾಯೊಳಗೇ ಉದುರಿದವು. ಅಷ್ಟರಲ್ಲಿ ಮೂರು ಜನ ಗಾರ್ಡ್‌ಗಳು ಕ್ಲೈಡ್‌ನ ಕೆಡವಿದ್ರು. ಇಬ್ಬರು ಪಕ್ಕೆಗೆ ಒದ್ದರು, ಒಬ್ಬ ಕತ್ತಿನ ಮೇಲೆ ಮೊಣಕಾಲಿಟ್ಟ. ಒದ್ದಾಡ್ತಿದ್ದ ಕ್ಲೈಡ್ ಕಾಲು ನಿಧಾನಕ್ಕೆ ನಿಂತ್ವು.

"ಬಿಡ್ರೋ, ಸಾಯ್ತಾನೆ!" ಅಂತ ಆಂಟಿ ಅರಚಿದ್ರು. ಗಾರ್ಡ್ ಕದಲಲಿಲ್ಲ.

ನನಗೆ ಪಿತ್ತ ನೆತ್ತಿಗೇರ್ತು. ದೀಪದ ಕಂಬ ಎತ್ತಿ ಅವನ ತಲೆಗೆ ಬಾರಿಸಿದೆ. ಒಂದಲ್ಲ, ಎರಡು ಸಲ. ಅವನು ಎಣ್ಣೆ, ರಕ್ತದ ಮೇಲೆ ಪಕ್ಕಕ್ಕೆ ಉರುಳಿದ. ಕ್ಲೈಡ್ ಕೆಮ್ಮಿ ಉಸಿರೆಳ್ಕೊಂಡ.

ಸ್ಟೇಷನ್‌ನಲ್ಲಿ ಪೊಲೀಸ್ ಕೇಳಿದ್ದು ಒಂದೇ, "ಶುರು ಮಾಡಿದ್ದು ಯಾರು?" ಕ್ಲೈಡ್ ಅಂತ ನಾನು ಹೇಳಿದ್ರೆ ಉತ್ಸವ ಮುಗೀತು, ಅವನು ಜೈಲಿಗೆ. ಒಬ್ಬನ್ನ ಜೈಲಿಗೆ ಕಳಿಸಿ ವಾಪಸ್ ಪಡೀದ ಮನೆ ಅದು.

"ನಾನೇ. ಕುಡಿದಿದ್ದೆ. ಫ್ರೇಮ್ ಮೇಲೆ ನಾನೇ ಬಿದ್ದೆ. ಗಾರ್ಡ್‌ಗೆ ಹೊಡೆದಿದ್ದೂ ನಾನೇ" ಅಂದೆ. ನಾನು ಜನ್ಮದಲ್ಲಿ ಕುಡಿದೋನಲ್ಲ. ಹಾಲ್‌ನಲ್ಲಿದ್ದ ಇನ್ನೂರು ಜನರಲ್ಲಿ ಒಬ್ಬರೂ ಕ್ಲೈಡ್ ಹೆಸರು ಹೇಳಲಿಲ್ಲ. ಕತ್ತಿನ ಮೇಲೆ ಮೊಣಕಾಲಿಟ್ಟಿದ್ದು ಹೊರಗೆ ಬಂದೀತು ಅಂತ ಗಾರ್ಡ್‌ಗಳೂ ಹೇಳಲಿಲ್ಲ. ನನ್ನ ಪಿಆರ್ ಹೋಗತ್ತೆ ಅಂದ್ರು ವಕೀಲರು. ಗ್ರಾಂಟ್ ಉಳೀತು.

ಮಾರನೇ ಬೆಳಿಗ್ಗೆ ಆಂಟಿ ಲಾಕಪ್‌ಗೆ ನೋಡೋಕೆ ಬಂದ್ರು. ಥ್ಯಾಂಕ್ಸ್ ಹೇಳ್ತಾರೆ ಅಂತ ಕಾದೆ, ಸುಳ್ಳ್ಯಾಕೆ ಹೇಳಲಿ. ಅವರು ನನ್ನ ಕೆನ್ನೆಯ ಹೊಲಿಗೆ ನೋಡಿದ್ರು.

"ನನ್ನ ತಮ್ಮ ಉಸಿರಾಡ್ತಿದಾನೆ, ಅದು ನಿನ್ನಿಂದ. ಮಧ್ಯಾಹ್ನ ನಾಟಕ ಇದೆ. ನಿನ್ನ ಬಿಟ್ಟರೂ ನೀನು ಬರಬೇಡ. ಇನ್ನು ಯಾವತ್ತೂ ಬರಬೇಡ."

"ಆಯ್ತು ಆಂಟಿ" ಅಂದೆ.