ಹೆಸರು ಹೇಳಬಾರದ ಆಟ

ಸತ್ತವರ ಹೆಸರೆತ್ತಿದರೆ ಬದುಕಿರುವವರ ಎದೆ ಒಡೆಯುತ್ತದೆ ಅಂತ ಈ ಲೋಕಕ್ಕೆ ಯಾರು ಕಲಿಸಿದರೋ! ಗುಬ್ಬಿಯ ಆ ಶಾಲೆಯಲ್ಲಂತೂ ಹೆಡ್‌ಮಾಸ್ಟರ್ ಸೋಮಶೇಖರ್ ಅದನ್ನೇ ಕಾನೂನು ಮಾಡಿಬಿಟ್ಟಿದ್ದರು. ಮಗಳನ್ನು ಕಳೆದುಕೊಂಡ ಡ್ರಾಯಿಂಗ್ ಮಿಸ್ ಗಂಗಾಂಬಿಕೆ ಕೆಲಸಕ್ಕೆ ಮರಳುವ ಹಿಂದಿನ ದಿನ ಮೂರನೇ ಕ್ಲಾಸಿನ ಮಕ್ಕಳನ್ನು ಎದ್ದು ನಿಲ್ಲಿಸಿ, "ಮಿಸ್ ಮುಂದೆ ಅಕ್ಷತಾ ಹೆಸ್ರು ಯಾರಾದ್ರೂ ಎತ್ತಿದ್ರೋ, ಚರ್ಮ ಸುಲಿದ್ಬಿಡ್ತೀನಿ" ಅಂದಿದ್ದರು. ಒಳ್ಳೆಯ ಮನಸ್ಸಿಂದಲೇ ಅಂದದ್ದು. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತ ಕೆಟ್ಟವರ ಕೈಲೂ ಆಗುವುದಿಲ್ಲ ಬಿಡಿ.

ಆ ಮಗಳು ಅಕ್ಷತಾ ಈ ಮಕ್ಕಳ ಜೊತೆಯವಳೇ. ಎರಡನೇ ಕ್ಲಾಸಿನಲ್ಲಿದ್ದಾಗ, ಸಂಜೆ ಶಾಲೆ ಬಿಟ್ಟು ರಸ್ತೆ ದಾಟುವಾಗ ಲಾರಿಗೆ ಸಿಕ್ಕಳು. ಗಂಗಾಂಬಿಕೆ ಆ ದಿನ ಶಾಲೆಯಲ್ಲಿರಲಿಲ್ಲ. ಆಟ ಆಡಿಸುತ್ತ ಚಿತ್ರಕಲೆ ಕಲಿಸುವ ತರಬೇತಿಗೆಂದು ತುಮಕೂರಿಗೆ ಹೋಗಿದ್ದಳು. ಹೊರಡುವಾಗ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಪಾಪ ಮಲಗಲಿ ಅಂತ ಎಬ್ಬಿಸಲಿಲ್ಲ. ವಾಪಸ್ ಬರುವ ಹೊತ್ತಿಗೆ ಮುಖಕ್ಕೆ ಬಟ್ಟೆ ಸುತ್ತಿಬಿಟ್ಟಿದ್ದರು. ವಿಭೂತಿ ಇಟ್ಟು ಸಮಾಧಿಯಲ್ಲಿ ಕೂರಿಸುವಾಗಲೂ, "ಬೇಡ ಕಣವ್ವ, ನೋಡ್ಬೇಡ" ಅಂತ ನೆಂಟರೆಲ್ಲ ಅವಳನ್ನು ಹಿಡಿದುಕೊಂಡರು.

ಅಂದಿನಿಂದ ಮಗಳು ಎಲ್ಲೆಂದರಲ್ಲಿ ಕಾಣುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ, ಬಸ್ಸಿನ ಮುಂದಿನ ಸೀಟಿನಲ್ಲಿ, ಶಾಲೆಯ ವರಾಂಡದ ಕೊನೆಯಲ್ಲಿ. ಬೆನ್ನು ಮಾತ್ರ ಕಾಣುತ್ತಿತ್ತು. "ತಿರುಗೇ ತಾಯಿ, ಒಂದ್ ಸಲ ತಿರುಗೇ" ಅಂತ ಗಂಗಾಂಬಿಕೆ ಬೇಡಿಕೊಂಡರೂ ತಿರುಗುತ್ತಿರಲಿಲ್ಲ. ಮನೆಯಲ್ಲಿ ಫೋಟೋಗಳಿಗೇನು ಬರವೇ? ಗೋಡೆ ತುಂಬ ಇದ್ದವು. ಅವಳಿಗೆ ಬೇಕಾಗಿದ್ದು ಆ ದಿನದ ಮುಖ. ಕೊನೆಯ ದಿನ ತನ್ನ ಕೂಸು ನಗುತ್ತಿತ್ತೋ ಅಳುತ್ತಿತ್ತೋ, ಅಷ್ಟು ಗೊತ್ತಾಗಿದ್ದರೆ ಸಾಕಿತ್ತು. ಗಂಡನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಶನಿವಾರ ಸೋಮಶೇಖರ್, "ತರಬೇತೀಲಿ ಕಲ್ತಿದ್ದು ಒಂದಾದ್ರೂ ಆಡ್ಸಿ ಮೇಡಂ, ಮಕ್ಳು ಕಲ್ಲಂಗೆ ಕೂತವೆ" ಅಂದರು. ಆ ತರಬೇತಿಯ ಪುಸ್ತಕವನ್ನು ಅವಳು ಅಂದಿನಿಂದ ತೆರೆದೇ ಇರಲಿಲ್ಲ. ಆದರೂ ಆಡಿಸಿದಳು. ಮಕ್ಕಳು ಇಬ್ಬಿಬ್ಬರಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರು ಗೊತ್ತಿರುವ ಯಾರನ್ನಾದರೂ ನೆನೆಸಿಕೊಂಡು ಮುಖ ಹೇಗಿದೆ ಅಂತ ಪಿಸುಗುಟ್ಟಬೇಕು, ಇನ್ನೊಬ್ಬರು ಕೇಳಿಕೊಂಡು ಚಿತ್ರ ಬರೆಯಬೇಕು. ಆಮೇಲೆ ಚಿತ್ರ ನೋಡಿ ಉಳಿದವರು ಯಾರೆಂದು ಊಹಿಸಬೇಕು.

"ಹೆಸ್ರು ಮಾತ್ರ ಹೇಳಂಗಿಲ್ಲ, ಅಷ್ಟೇನಾ ಮಿಸ್?" ಅಂತ ಪೂಜಾ ಎಂಬ ಹುಡುಗಿ ಎರಡೆರಡು ಸಲ ಕೇಳಿದಳು.

"ಅಷ್ಟೇ ಕಣೇ."

ಕಲ್ಲಿನಂತೆ ಕೂತಿರುತ್ತಿದ್ದ ಕ್ಲಾಸು ಆವತ್ತು ಪಿಸುಮಾತಿನಲ್ಲೇ ಮುಳುಗಿತು. ಗಂಗಾಂಬಿಕೆ ಹಾಳೆಗಳನ್ನು ಒಂದೊಂದಾಗಿ ಇಸಿದುಕೊಂಡು ಬೋರ್ಡಿಗೆ ಅಂಟಿಸುತ್ತ ಹೋದಳು. ಮೊದಲನೆಯದರಲ್ಲಿ ಎರಡು ಜಡೆ, ಅಗಲ ಕಿವಿ, ಕೆನ್ನೆಯ ಮೇಲೆ ಮಚ್ಚೆ. ಎರಡನೆಯದರಲ್ಲೂ ಅದೇ ಕಿವಿ, ಅದೇ ಮಚ್ಚೆ. ಮೂರನೆಯದನ್ನು ಎರಡನೆಯದರ ಪಕ್ಕಕ್ಕೆ ಹಿಡಿದು ನೋಡಿ ಅಂಟಿಸಿದಳು. ಬೋರ್ಡಿನ ತುಂಬ ಒಬ್ಬಳೇ ಹುಡುಗಿ, ಎಲ್ಲ ಹಾಳೆಯಿಂದಲೂ ಗಂಗಾಂಬಿಕೆಯನ್ನೇ ನೋಡುತ್ತ ನಗುತ್ತಿದ್ದಳು. ಎಲ್ಲ ಬಾಯಲ್ಲೂ ಮುಂದಿನ ಹಲ್ಲೊಂದು ಇರಲಿಲ್ಲ.

ಗಂಗಾಂಬಿಕೆಗೆ ಸಿಟ್ಟು ನೆತ್ತಿಗೇರಿತು.

"ಹುಡುಗಾಟ ಆಡ್ತಿದೀರಾ? ನನ್ ಮಗಳ ಬಾಯಲ್ಲಿ ಹಲ್ಲೆಲ್ಲ ಇದ್ವು! ಹಿಂದಿನ್ ರಾತ್ರಿ ನಾನೇ ಅಲ್ಲಾಡ್ಸಿ ನೋಡಿದೀನಿ, ಬಿದ್ದಿರ್ಲಿಲ್ಲ!"

ಹೆಡ್‌ಮಾಸ್ಟರ್ ಬಂದುಬಿಟ್ಟಾರೆಂದು ಮಕ್ಕಳು ಬಾಗಿಲ ಕಡೆ ನೋಡಿದವು. ಕೊನೆಗೆ ಪೂಜಾ ಎದ್ದಳು.

"ಅವತ್ತೇ ಬಿತ್ತು ಮಿಸ್, ಊಟದ್ ಬೆಲ್ ಆದ್ಮೇಲೆ. ಹೊಸದು ಬೇಗ ಬರ್ಲಿ ಅಂತ ಸಗಣೀಲಿ ಮುಚ್ಚಿ ಹಂಚಿನ್ ಮೇಲಕ್ಕೆ ಎಸೆದ್ವಿ. ಎಸ್ದು ನಕ್ಬಿಟ್ಲು, ಆಗ ಎಲ್ರೂ ನೋಡಿದ್ವಿ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಕಂಡೇ ಕೂತಿದ್ಲು. ನಮ್ಮಮ್ಮಂಗೇ ಮೊದ್ಲು ತೋರಿಸ್ಬೇಕು, ನೀವ್ಯಾರೂ ನೋಡಂಗಿಲ್ಲ ಅಂತ. ಮನೆಗ್ ಹೋಗೋವಾಗ್ಲೂ ಕೈ ತೆಗೀಲಿಲ್ಲ ಮಿಸ್."

ಬಿದ್ದರೆ ನನಗೇ ಮೊದಲು ತೋರಿಸಬೇಕು ಅಂತ ಮಗಳಿಗೆ ಹೇಳಿಕೊಟ್ಟಿದ್ದವಳು ಗಂಗಾಂಬಿಕೆಯೇ. ನಿಂತಲ್ಲೇ ನೆಲಕ್ಕೆ ಕೂತಳು. ಇಷ್ಟು ದಿನ ತಡೆದಿಟ್ಟಿದ್ದ ಅಳು ಮಕ್ಕಳೆದುರೇ ಕಿತ್ತುಕೊಂಡು ಬಂತು. ಬರಲಿ, ಇನ್ನೆಲ್ಲಿ ಅಳಬೇಕಿತ್ತು ಅವಳು?

ಪೂಜಾ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು.

"ಇಷ್ಟೊತ್ಗೆ ಅವಳ್ಗೂ ಹೊಸ ಹಲ್ಲು ಬಂದಿರುತ್ತೆ ಅಲ್ವಾ ಮಿಸ್? ನಂಗೂ ಬಂತು ನೋಡಿ."

ಗಂಗಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಂದಿರುತ್ತೆ ಕಣವ್ವ."

"ಹಂಗಾದ್ರೆ ಚಿತ್ರದಲ್ಲಿ ಹಲ್ಲು ಬರ್ದ್ಬಿಡ್ಲಾ?" ಹುಡುಗಿ ಪೆನ್ಸಿಲ್ ತಗೊಂಡು ಎದ್ದೇಬಿಟ್ಟಳು.

ಗಂಗಾಂಬಿಕೆ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ, ಹಂಗೇ ಇರ್ಲಿ ಬುಡು. ನಾನೀಗ ತಾನೆ ನೋಡ್ತಿದೀನಿ."